ತಾರೀಖು ಗೊತ್ತಿಲ್ಲದ ಮದುವೆ

ಬುಯುನಿ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಒಲೆಗೆ ಮೊದಲ ಬೆಂಕಿ ಇಡುವ ಕೈ ಬೀ ಕಿದಾವಾಳದು. ಅವಳು ಇಡುವ ತನಕ ಬೇರೆ ಯಾರೂ ಕಡ್ಡಿ ಗೀರುವಂತಿಲ್ಲ, ಅಕ್ಕಿಗೆ ಕೈ ಹಾಕುವಂತಿಲ್ಲ. ನಾನೂರು ಜನರ ಪಿಲಾವಿಗೆ ಎಷ್ಟು ಅಕ್ಕಿ, ಎಷ್ಟು ಇದ್ದಲು, ಎಷ್ಟು ಕೊಡ ನೀರು ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಒಮ್ಮೆ ಯಾರೋ ಮಂತ್ರಿಗಳ ಮನೆಯಿಂದ ಅಡುಗೆಗೆ ಕರೆ ಬಂದಾಗ, "ಅವತ್ತು ನಮ್ಮ ಓಣೀಲೇ ಮದುವೆ ಇದೆ, ಬರೋಕಾಗಲ್ಲ" ಎಂದು ಹೇಳಿ ಕಳಿಸಿದ್ದಳು. ಅವತ್ತು ಓಣಿಯಲ್ಲಿ ಮದುವೆಯೂ ಇರಲಿಲ್ಲ, ಮುಂಜಿಯೂ ಇರಲಿಲ್ಲ. ಮಂತ್ರಿಯ ಕಡೆಯವರು ಕರೆದ ರೀತಿ ಅವಳಿಗೆ ಹಿಡಿಸಿರಲಿಲ್ಲ, ಅಷ್ಟೆ. ಜಂಜಿಬಾರಿನಲ್ಲಿ ಸೊಕ್ಕಿನ ಹೆಂಗಸರಿಗೆ ಬರವಿಲ್ಲ, ಆದರೆ ಕಿದಾವಾಳ ಸೊಕ್ಕಿಗೆ ಒಂದು ತೂಕ ಇತ್ತು.

ಇಂಥವಳು ತನ್ನ ಬಾವಿಯ ಬಾಯನ್ನು ತಾನೇ ಮುಚ್ಚಿಸಿದ್ದಳು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಆದರೆ ಆಗ ಊರಿಗೆ ಊರೇ ಹಾಗೆ ಮಾಡುತ್ತಿತ್ತು. ಕರೆಂಟಿನ ಪಂಪು ಬಂದದ್ದೇ ತಡ, ಹಗ್ಗ ಎಳೆಯುವುದು ಬಡವರ ಕೆಲಸ ಎನಿಸಿಬಿಟ್ಟಿತು. ಬಾವಿಗೆ ಮೋಟಾರು ಇಳಿಸುವುದು, ಪೈಪು ಹಾಯುವಷ್ಟು ತೂತು ಬಿಟ್ಟು ಮೇಲೆ ಕಾಂಕ್ರೀಟು ಹಾಕಿ ಮೆತ್ತುವುದು. ಮಗು ಬೀಳುವ ಭಯವಿಲ್ಲ, ಸೊಳ್ಳೆ ಕಾಟವಿಲ್ಲ, ನೋಡಲೂ ಚೆಂದ. ಓಣಿಯ ಎರಡು ಬಾವಿಗಳಲ್ಲಿ ಮೊದಲು ಮುಚ್ಚಿದ್ದು ಕಿದಾವಾಳದು. ಅದಾದ ತಿಂಗಳಿಗೆ ಎದುರು ಮನೆಯ ಬ್ವಾನಾ ಫಾಕಿ ತನ್ನದನ್ನೂ ಮುಚ್ಚಿಸಿ, ಕಾಂಕ್ರೀಟಿನ ಮೇಲೆ ನೀಲಿ ಟೈಲ್ಸು ಹಾಸಿ, ಅದರ ಮೇಲೆ ಎರಡು ಹೂಕುಂಡ ಇಟ್ಟ. ಫಾಕಿ ಬಟ್ಟೆ ವ್ಯಾಪಾರಿ. ಏನು ಮಾಡಿದರೂ ಪಕ್ಕದವರಿಗಿಂತ ಒಂದು ಗೇಣು ಹೆಚ್ಚು ಮಾಡುವ ಆಸಾಮಿ.

ಆಮೇಲೆ ಒಂದು ದಿನ, ಆಚೆ ದಡದ ದೊಡ್ಡ ನೆಲದಿಂದ ಸಮುದ್ರದ ತಳದಲ್ಲಿ ನಮ್ಮ ದ್ವೀಪಕ್ಕೆ ಕರೆಂಟು ತರುವ ತಂತಿ ಕೆಟ್ಟಿತು. ದ್ವೀಪಕ್ಕೆಲ್ಲ ಇದ್ದದ್ದು ಅದೊಂದೇ ತಂತಿ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಜನ ಕಾದರು. ಫ್ರಿಜ್ಜಿನಲ್ಲಿದ್ದ ಮೀನು ಕೊಳೆತು ಓಣಿ ನಾರಿತು. ನಲ್ಲಿ ಒಣಗಿತು. ಕಾಂಕ್ರೀಟಿನ ಕೆಳಗೆ, ಕಾಲಡಿಯಲ್ಲೇ, ಎರಡು ಬಾವಿ ತುಂಬ ನೀರು ಸುಮ್ಮನೆ ಕೂತಿತ್ತು. ಆದರೂ ಯಾರೂ ಗಡಾರಿ ಎತ್ತಲಿಲ್ಲ. ನಾಳೆ ಕರೆಂಟು ಬರುವುದಾದರೆ ಇವತ್ತು ಯಾಕೆ ಒಡೆಯಬೇಕು?

ಒಂಬತ್ತನೆಯ ದಿನ ಬೆಳಿಗ್ಗೆ ಕಿದಾವಾಳ ಅಕ್ಕ ಮ್ವಾಕಾ ತೀರಿಕೊಂಡಳು. ಗಂಡ ಸತ್ತು, ಮಕ್ಕಳಿಲ್ಲದೆ ಇದ್ದ ಕಿದಾವಾಳಿಗೆ ಈ ಲೋಕದಲ್ಲಿ ತನ್ನವಳು ಅಂತ ಇದ್ದವಳು ಅವಳೊಬ್ಬಳೇ. ಕೊನೆಯ ಸ್ನಾನಕ್ಕೆ ಮನೆಯಲ್ಲಿ ಹನಿ ನೀರಿಲ್ಲ. ಕಿದಾವಾ ಬಕೆಟ್ಟು ಹಿಡಿದು ಎರಡು ಓಣಿ ದಾಟಿ, ಬಾಯಿ ತೆರೆದ ಬಾವಿಯಿದ್ದ ಒಂದು ಕೇರಿಗೆ ಹೋದಳು. ಅಲ್ಲಿ ಅರವತ್ತು ಜನರ ಸಾಲಿತ್ತು. ನೀರು ಯಾತಕ್ಕೆ ಅಂತ ಒಂದು ಮಾತು ಹೇಳಿದ್ದರೆ ಎಲ್ಲರೂ ದಾರಿ ಬಿಡುತ್ತಿದ್ದರು. ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಬೇಡಿದವಳಲ್ಲ, ಬಾಯಿ ಬರಲಿಲ್ಲ. ಎರಡು ಗಂಟೆ ನಿಂತಳು. ಅಷ್ಟೂ ಹೊತ್ತು ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. ಮುಂದೆ ಅವಳು ಮಾಡಿದ್ದೆಲ್ಲ ಆ ಎರಡು ಗಂಟೆಯ ಸಂಕಟಕ್ಕೆ ಮಾಡಿದ್ದು, ಅದನ್ನು ಅವಳೇ ಹೇಳಿಕೊಂಡಿದ್ದಾಳೆ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕರೆಂಟು ವಾಪಸು ಬಂದು, ಊರೆಲ್ಲ ಹಾಡು ಹಚ್ಚಿಕೊಂಡು ಕುಣಿಯುತ್ತಿತ್ತು. ಕಿದಾವಾ ಮಾತ್ರ ಗಾರೆಯವನನ್ನು ಕರೆಸಿ ತನ್ನ ಬಾವಿಯ ಕಾಂಕ್ರೀಟು ಒಡೆಸುತ್ತಿದ್ದಳು.

"ಏನೇ ಇದು? ಕರೆಂಟು ಬಂದ ಮೇಲೆ ಯಾರಾದ್ರೂ ಬಾವಿ ಒಡೆಸ್ತಾರಾ?" ಎಂದಳು ಪಕ್ಕದ ಮನೆಯ ಜೊಖಾ. ಜೊಖಾ ಅವಳ ಬಾಲ್ಯದ ಗೆಳತಿ, ಸಕ್ಕರೆ ಕಾಯಿಲೆಯವಳು, ನಾಲಿಗೆ ಮಾತ್ರ ಖಾರ.

"ಮತ್ತೆ ಹೋಗತ್ತೆ."

"ನಿನಗ್ಯಾರು ಹೇಳಿದ್ರು? ತಂತಿ ಬಂದು ಕಿವೀಲಿ ಹೇಳ್ತಾ?"

"ಒಂದೇ ತಂತಿ, ಮುದಿ ತಂತಿ. ಹೋಗದೆ ಏನು ಮಾಡತ್ತೆ? ಜೊಖಾ, ಕೇಳು. ಮುಂದಿನ ಸಲ ನಮ್ಮ ಓಣಿಯ ಇಪ್ಪತ್ತೊಂದು ಮನೇಲಿ ಒಂದು ಮನೆಯವರೂ ಬಕೆಟ್ಟು ಹಿಡ್ಕೊಂಡು ಈ ಓಣಿ ಬಾಯಿ ದಾಟಬಾರದು. ನಾನು ದಾಟಿದ್ದೇ ಕೊನೆ."

ಹೀಗೆ ಶುರುವಾಯಿತು. ಮಾರನೆಯ ವಾರದಿಂದ ಕಿದಾವಾ ಮನೆಮನೆಗೆ ಹೋಗತೊಡಗಿದಳು. ಮದುವೆ ಒಪ್ಪಿಕೊಂಡಾಗ ಕೇಳುವ ಪ್ರಶ್ನೆಗಳನ್ನೇ ಕೇಳುತ್ತಿದ್ದಳು. ಎಷ್ಟು ತಟ್ಟೆ? ಉಪ್ಪು ಬಿಟ್ಟವರು ಯಾರು? ಹಾಲುಗೂಸು ಇದೆಯಾ? ಯಾವ ಮಾತ್ರೆ, ದಿನಕ್ಕೆ ಎಷ್ಟು? ಬಸುರಿಗೆ ಎಷ್ಟನೇ ತಿಂಗಳು?

"ಯಾವ ಮದುವೆ ಬೀ ಕಿದಾವಾ? ನಮಗೆ ಕರೆಯೋಲೇನೇ ಬಂದಿಲ್ಲ!" ಎಂದು ಜನ ಚುಡಾಯಿಸುತ್ತಿದ್ದರು.

"ತಾರೀಖು ಗೊತ್ತಿಲ್ಲದ ಮದುವೆ," ಎನ್ನುತ್ತಿದ್ದಳು ಕಿದಾವಾ. "ತಾರೀಖು ಇಲ್ದೇ ಇರಬಹುದು, ನೆಂಟರು ಮಾತ್ರ ಗ್ಯಾರಂಟಿ. ಊಟಕ್ಕೆ ಬರೋರು ನೀವೇ."

ಜನ ಅವಳಿಗೆ ಕತ್ತಲಮ್ಮ ಎಂದು ಹೆಸರಿಟ್ಟರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿ ಮನೆಗೂ ಅವಳ ಕಟ್ಟಳೆ ಒಂದೇ: ಅಟ್ಟದ ಮೇಲೆ ಮೂರು ತಿಂಗಳ ಇದ್ದಲು, ಡಬ್ಬಿಯಲ್ಲಿ ಒಣಮೀನು, ತೊಗರಿ, ಅಕ್ಕಿ. ಕುಡಿಯುವ ನೀರಿಗೆ ಮುಚ್ಚಳವಿರುವ ಮಣ್ಣಿನ ಹರವಿ. ಸೀಮೆಎಣ್ಣೆ ದೀಪ ಸೊಳ್ಳೆಪರದೆಯಿಂದ ಎರಡು ಮಾರು ದೂರ. ಜನರೇಟರು ಇದ್ದವರು ಅದನ್ನು ಮನೆಯೊಳಗೆ ಹಚ್ಚಿದರೆ ಅವಳ ಬಾಯಿಗೆ ಬಿದ್ದಂತೆಯೇ. "ಕತ್ತಲಲ್ಲಿ ಯಾರೂ ಸಾಯಲ್ಲ ಕಣ್ರೋ, ಹೊಗೆ ಕುಡಿದು ಸಾಯ್ತೀರ," ಎಂದು ಬಾಗಿಲಲ್ಲೇ ನಿಂತು ಬಯ್ಯುತ್ತಿದ್ದಳು.

ಆದರೆ ಸಾಮಾನು ಕೂಡಿಸಿಟ್ಟರೆ ಅಡುಗೆಯಾಯಿತೇ? ಸೌಟು ಹಿಡಿದವಳಿಗೆ ಇದು ಗೊತ್ತಿತ್ತು. ನಮ್ಮಲ್ಲಿ ಗೆಳತಿಯರು ಕಿಕೋವಾ ಅಂತ ಸರದಿಯ ಊಟ ಮಾಡುತ್ತಾರೆ. ಈ ವಾರ ಇವಳ ಮನೆ, ಮುಂದಿನ ವಾರ ಅವಳ ಮನೆ. ಕಿದಾವಾ ಅದನ್ನೇ ತಿರುಗಿಸಿದಳು. ಮಂಗಳವಾರ ಬೆಳಿಗ್ಗೆ ಸರದಿ ಬಂದ ಮನೆಗೆ ಹೋಗಿ ಮೀಟರಿನ ಸ್ವಿಚ್ಚು ಕೆಳಗೆಳೆದು, ಕಟ್ಟೆಯ ಮೇಲೆ ಚಾಪೆ ಹಾಕಿಕೊಂಡು ಕೂತುಬಿಡುವಳು. ಬುಧವಾರ ಬೆಳಗಿನ ತನಕ ಆ ಮನೆಯವರು ಕರೆಂಟಿಲ್ಲದೆ, ನಲ್ಲಿಯಿಲ್ಲದೆ, ಯಾರಿಂದಲೂ ಏನೂ ತರದೆ ಬದುಕಬೇಕು. ಮಧ್ಯಾಹ್ನ ಅವಳಿಗೂ ಒಂದು ತಟ್ಟೆ ಊಟ ಹಾಕಬೇಕು. ಒಂದು ಮನೆಯಲ್ಲಿ ನಲವತ್ತು ಮೇಣದ ಬತ್ತಿ ಇತ್ತು, ಬೆಂಕಿಪೊಟ್ಟಣ ಇರಲಿಲ್ಲ. ಇನ್ನೊಂದು ಮನೆಯ ಸೊಸೆಗೆ ಇದ್ದಲು ಹೊತ್ತಿಸಲೇ ಬರುತ್ತಿರಲಿಲ್ಲ; ಅವಳು ಅತ್ತಳು, ಕಿದಾವಾ ನಕ್ಕಳು, ಆಮೇಲೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಲಿಸಿಕೊಟ್ಟಳು.

ಜೊಖಾಳ ಸರದಿಯ ದಿನ ಮಾತ್ರ ಯಾರೂ ನಗಲಿಲ್ಲ. ಫ್ರಿಜ್ಜು ಆರಿ ನಾಲ್ಕು ಗಂಟೆಯಾದ ಮೇಲೆ ಜೊಖಾ ಮೆಲ್ಲಗೆ ಹೇಳಿದಳು: "ಕಿದಾವಾ, ನನ್ನ ಇಂಜೆಕ್ಷನ್ ಔಷಧಿ ಒಳಗಿದೆ. ಬಿಸಿ ಆದ್ರೆ ಕೆಡತ್ತಂತೆ."

"ಹೋದ ಸಲ ಏನು ಮಾಡಿದೆ?"

"ಕೆಟ್ಟಿದ್ದನ್ನೇ ಚುಚ್ಕೊಂಡೆ. ಯಾರಿಗೆ ಹೇಳಲಿ?"

ಕಿದಾವಾ ಅವತ್ತೇ ಔಷಧಿಯ ಸೀಸೆಗಳನ್ನು ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿಟ್ಟು, ಭರಣಿಯನ್ನು ಬಲೆಗೆ ಕಟ್ಟಿ, ತನ್ನ ಬಾವಿಯಲ್ಲಿ ನೀರಿಗೆ ತಾಗುವಂತೆ ಇಳಿಸಿದಳು. ಆಸ್ಪತ್ರೆಯ ನರ್ಸನ್ನು ಕೇಳಿಕೊಂಡು ಬಂದು, ಹಾಗೆ ತಂಪಲ್ಲಿಟ್ಟರೆ ತಿಂಗಳು ತಡೆಯುತ್ತದೆ ಎಂದು ಖಾತ್ರಿ ಮಾಡಿಕೊಂಡಳು. "ಹೇಳೋದಿಕ್ಕೆ ಏನೇ ರೋಗ ನಿಂಗೆ?" ಎಂದು ಗೆಳತಿಯನ್ನು ಬಯ್ದಳು. ಹೇಳಲಾರದ ರೋಗ ಯಾರಿಗಿತ್ತು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಎಲ್ಲ ಸರಿಯಾಯಿತು, ಒಂದನ್ನು ಬಿಟ್ಟು. ಕಿದಾವಾಳ ಬಾವಿಯ ನೀರು ಉಪ್ಪು. ಬಟ್ಟೆಗೆ, ಪಾತ್ರೆಗೆ, ಮೈಗೆ ಸರಿ, ಕುಡಿಯಲಾಗದು. ಓಣಿಯ ಸಿಹಿನೀರೆಲ್ಲ ಫಾಕಿಯ ನೀಲಿ ಟೈಲ್ಸಿನ ಕೆಳಗಿತ್ತು. ಹರವಿಯಲ್ಲಿಟ್ಟ ನೀರು ಐದಾರು ದಿನಕ್ಕೆ ಮುಗಿಯುವಂಥದು. ಆಮೇಲೆ ಮತ್ತೆ ಬಕೆಟ್ಟು, ಮತ್ತೆ ಪರಕೇರಿ, ಮತ್ತೆ ಸಾಲು. ಆ ಬಾವಿಗೆ ಬಾಯಿ ಬಾರದೆ ಅವಳು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರು ಸಲ ಕೇಳಿದಳು. ಫಾಕಿ ಮೂರು ಸಲವೂ ನಕ್ಕ. "ಈ ಟೈಲ್ಸು ದುಬೈನಿಂದ ತರಿಸಿದ್ದು, ಬೀ ಕಿದಾವಾ. ನಿನ್ನ ಕತ್ತಲ ಮದುವೆಗೋಸ್ಕರ ನಾನು ಅಂಗಳ ಅಗೀಲಾ?"

ಅಷ್ಟರಲ್ಲಿ ಫಾಕಿಯ ಒಬ್ಬಳೇ ಮಗಳು ಸಲ್ಹಾಳ ಮದುವೆ ಗೊತ್ತಾಯಿತು. ಐನೂರು ಜನ. ಅಡುಗೆಗೆ ಕಿದಾವಾ ಅಲ್ಲದೆ ಬೇರೆ ಯಾರು? ಅವಳು ಒಪ್ಪಿಕೊಂಡಳು, ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಆರು ಕಲ್ಲೊಲೆ ಹೂಡಿದ್ದರು. ಆಡಿನ ಮಾಂಸ ಕೊಚ್ಚಿ ಆಗಿತ್ತು. ಇಪ್ಪತ್ತು ಹೆಂಗಸರು ಸೆರಗು ಕಟ್ಟಿ ಕಾಯುತ್ತಿದ್ದರು. ಕಿದಾವಾ ಬಂದಳು, ಹೂಕುಂಡ ಎರಡನ್ನೂ ಎತ್ತಿ ಬದಿಗಿಟ್ಟಳು, ನೀಲಿ ಟೈಲ್ಸಿನ ಮೇಲೆ ಕಾಲು ಚಾಚಿ ಕೂತಳು.

"ಬೆಂಕಿ ಇಡಮ್ಮಾ, ಹೊತ್ತಾಯ್ತು," ಎಂದ ಫಾಕಿ.

"ಅಕ್ಕಿ ತೊಳೀಬೇಕು. ನೀರೆಲ್ಲಿ?"

"ನಲ್ಲಿ ಕಾಣ್ತಿಲ್ವಾ?"

"ನಲ್ಲಿ ನೀರಲ್ಲಿ ನಾನು ಮದುವೆ ಅಕ್ಕಿ ತೊಳೆಯಲ್ಲ. ಬಾವಿ ನೀರು ಸೇದಿ ಕೊಡು."

"ನನ್ನ ತಮ್ಮನ ಮಕ್ಕಳಿಬ್ಬರ ಮದುವೇಲಿ ಇದೇ ನಲ್ಲೀಲಿ ತೊಳೆದೆಯಲ್ಲ!"

"ಅದು ಮ್ವಾಕಾ ಸಾಯೋಕೆ ಮುಂಚೆ."

ಫಾಕಿಯ ಮುಖ ಕೆಂಪೇರಿತು. "ಐನೂರು ಜನ ಬರ್ತಾರೆ! ನನ್ನ ಮಾನ ತೆಗೀಬೇಕು ಅಂತ ಬಂದಿದೀಯಾ? ಎದ್ದೇಳು ಅಲ್ಲಿಂದ!"

"ಏಳ್ತೀನಿ. ನಾನು ಎದ್ದ ಜಾಗಕ್ಕೆ ಗಡಾರಿ ಬೀಳಬೇಕು. ಇಲ್ಲಾಂದ್ರೆ ಈ ಒಲೆಗೆ ಇವತ್ತು ನನ್ನ ಬೆಂಕಿ ಇಲ್ಲ."

ಇಪ್ಪತ್ತು ಹೆಂಗಸರಲ್ಲಿ ಒಬ್ಬಳೂ ಕಡ್ಡಿ ಗೀರಲಿಲ್ಲ. ಫಾಕಿಯ ಸ್ವಂತ ನಾದಿನಿಯೇ ಕೈಕಟ್ಟಿ ನಿಂತಳು. ಇದು ಸರಿಯೇ ಎಂದು ಕೇಳಿದರೆ, ಸರಿಯಲ್ಲ ಎಂದೇ ನಾನೂ ಹೇಳುತ್ತೇನೆ. ಹೆಣ್ಣು ಹೆತ್ತವನ ಕುತ್ತಿಗೆಯನ್ನು ಮದುವೆಯ ದಿನ ಹಿಡಿಯಬಾರದು. ಕಿದಾವಾಳಿಗೂ ಅದು ಗೊತ್ತಿತ್ತು. ಆದರೂ ಏಳಲಿಲ್ಲ.

ಆಗ ಮಾಳಿಗೆಯ ಕಿಟಕಿ ತೆರೆಯಿತು. ಮದುಮಗಳು ಮದುವೆಯ ದಿನ ಅಂಗಳಕ್ಕೆ ಮುಖ ತೋರಿಸುವಂತಿಲ್ಲ. ಸಲ್ಹಾ ಮದರಂಗಿ ಹಚ್ಚಿದ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಮೊಣಕೈಯಿಂದ ಕಿಟಕಿ ದೂಡಿ, ಕೆಳಗೆ ಬಗ್ಗಿದಳು.

"ಅಪ್ಪಾ! ಗಂಡಿನ ಕಡೆಯವರಿಗೆ ಟೈಲ್ಸು ಬಡಿಸ್ತೀಯಾ, ಪಿಲಾವು ಬಡಿಸ್ತೀಯಾ? ಬೇಗ ಹೇಳು, ನನ್ನ ಕೈ ನೋಯ್ತಿದೆ!"

ಯಾರೋ ಕಿಸಕ್ಕೆಂದರು. ಸಲ್ಹಾ ನಗಲಿಲ್ಲ. "ಮ್ವಾಕಾ ಚಿಕ್ಕಮ್ಮ ನನ್ನ ತಲೆ ಬಾಚಿ ಬೆಳೆಸಿದೋರು. ಅವರು ಹೋದ ದಿನ ನಾನು ಅವರ ಪಕ್ಕದಲ್ಲೇ ಕೂತಿದ್ದೆ, ನೊಣ ಓಡಿಸ್ತಾ. ನೀರು ನಮ್ಮನೇಲೇ ಇತ್ತಪ್ಪಾ. ಅದರ ಮೇಲೇ ನೀನು ಕುರ್ಚಿ ಹಾಕ್ಕೊಂಡು ಕೂತಿದ್ದೆ."

ಫಾಕಿ ಒಳಗೆ ಹೋಗಿ ಗಡಾರಿ ತಂದು, ಒಲೆ ಹೂಡಲು ಬಂದಿದ್ದ ಗಾರೆಯವನ ಕಡೆ ಎಸೆದ. ಹನ್ನೊಂದು ಗಂಟೆಗೆ ಟೈಲ್ಸು ಒಡೆಯಿತು, ಹನ್ನೊಂದೂವರೆಗೆ ಕಾಂಕ್ರೀಟು. ಮೊದಲ ಕೊಡ ಕಿದಾವಾ ಸೇದಿದಳು. ಪಿಲಾವು ಸಂಜೆಗಾಯಿತು, ಆದರೆ ಅಂಥ ಪಿಲಾವು ಮತ್ತೆ ಆ ಓಣಿಯಲ್ಲಿ ಆಗಿಲ್ಲ. ಫಾಕಿ ಮುಖ ಊದಿಸಿಕೊಂಡೇ ಎರಡು ತಟ್ಟೆ ತಿಂದ. ಆಮೇಲೆ ಆರು ತಿಂಗಳು ಕಿದಾವಾಳ ಜೊತೆ ಮಾತು ಬಿಟ್ಟ.

ಡಿಸೆಂಬರಿನಲ್ಲಿ ತಂತಿ ಮತ್ತೆ ಕೆಟ್ಟಿತು. ಈ ಸಲ ದುರಸ್ತಿಗೆ ತಿಂಗಳುಗಳೇ ಬೇಕೆಂದು ರೇಡಿಯೋ ಹೇಳಿತು. ಊರು ತಲೆ ಮೇಲೆ ಕೈ ಹೊತ್ತು ಕೂತಿತು. ಬುಯುನಿ ಓಣಿಯವರು ಅಟ್ಟದಿಂದ ಇದ್ದಲು ಇಳಿಸಿದರು. ಅವತ್ತು ಮಧ್ಯಾಹ್ನ ಇಪ್ಪತ್ತೊಂದು ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಊಟವಾಯಿತು. ಜೊಖಾಳ ಭರಣಿ ಬಾವಿಗಿಳಿಯಿತು. ಇದ್ದಲು ಹೊತ್ತಿಸಲು ಬಾರದೆ ಅತ್ತಿದ್ದ ಸೊಸೆ ಪಕ್ಕದ ಓಣಿಯವರಿಗೆ ಕಲಿಸಲು ಹೋದಳು. ಕಿದಾವಾ ಓಣಿಯ ಉದ್ದಕ್ಕೂ ನಡೆಯುತ್ತ ಪ್ರತಿ ಅಡುಗೆಮನೆಯ ಹೊಗೆ ನೋಡಿದಳು. ಹೆಮ್ಮೆ ಎನ್ನುವುದು ಅವಳಿಗೆ ಹೊಸದಲ್ಲ. ತನ್ನ ಬಗ್ಗೆ ಅಲ್ಲದ ಹೆಮ್ಮೆ ಹೊಸದು.

ಐದನೆಯ ದಿನದಿಂದ ಕುಡಿಯುವ ನೀರಿಗೆ ಫಾಕಿಯ ಅಂಗಳ. ಫಾಕಿ ಬಾಗಿಲು ತೆರೆದ, ಆದರೆ ಬಾಯಿ ಮುಚ್ಚಲಿಲ್ಲ. ಬೆಳಗಾದರೆ ರಾಟೆಯ ಕಿರ್ರೋ ಸದ್ದು, ಹೆಂಗಸರ ಹರಟೆ, ಉಳಿದ ಟೈಲ್ಸಿನ ಮೇಲೆಲ್ಲ ಕೆಸರು ಕಾಲು. "ಇದೇನು ನನ್ನ ಮನೇನಾ, ಮೀನಿನ ಮಾರ್ಕೆಟ್ಟಾ?" ಎಂದು ದಿನಾ ಕೂಗುತ್ತಿದ್ದ. "ಸರಕಾರದ ನೀರಿನ ಲಾರಿ ಬರತ್ತಂತೆ. ಬರಲಿ, ಅವತ್ತೇ ಬಾಗಿಲು ಹಾಕ್ತೀನಿ. ಎಲ್ಲರೂ ಅಲ್ಲೇ ಹಿಡ್ಕೊಳ್ಳಿ."

ಕಿದಾವಾಳಿಗೆ ಆ ಮಾತು ಚುಚ್ಚುತ್ತಿತ್ತು. ಅವನ ಮೇಲೆ ಅವಳಿಗೆ ಇನ್ನು ಯಾವ ಹಿಡಿತವೂ ಇರಲಿಲ್ಲ. ಕೊಡಲು ಇನ್ನೊಬ್ಬ ಮಗಳಿರಲಿಲ್ಲ ಅವನಿಗೆ, ಹೂಡಲು ಒಲೆಯಿರಲಿಲ್ಲ ಇವಳಿಗೆ.

ಐವತ್ತೆಂಟನೆಯ ದಿನ, ಬೆಳಗಿನ ಹತ್ತು ಗಂಟೆಗೆ, ಲಾರಿ ಬಂತು. ಅದರ ಹಿಂದೆ ಮೂರು ಓಣಿಯ ಜನ ಬಕೆಟ್ಟು, ಡಬ್ಬಿ, ಪಾತ್ರೆ ಹಿಡಿದು ಓಡುತ್ತಿದ್ದರು. ಬುಯುನಿ ಓಣಿಯ ಬಾಯಲ್ಲಿ ಡ್ರೈವರು ಲಾರಿ ನಿಲ್ಲಿಸಿ ಹಾರನ್ನು ಒತ್ತಿದ. ಯಾರೂ ಬರಲಿಲ್ಲ. ಮತ್ತೆ ಒತ್ತಿದ.

"ಯಾರೂ ಇಲ್ವೇನ್ರೀ ಈ ಓಣೀಲಿ? ಊರು ಬಿಟ್ಟು ಹೋದ್ರಾ?"

ಕಿದಾವಾ ತನ್ನ ಬಾಗಿಲ ಕಟ್ಟೆಯ ಮೇಲೆ ತೆಂಗಿನಕಾಯಿ ತುರಿಯುತ್ತಿದ್ದಳು. ಎದ್ದು ಹೋಗಿ ಬೇಡ ಎನ್ನಲಿಲ್ಲ. ಬಿಟ್ಟಿ ನೀರು, ಸರಕಾರದ ನೀರು, ಎಲ್ಲರಿಗೂ ಹಕ್ಕಿನದು. ಬೇಡ ಎನ್ನಲು ತಾನ್ಯಾರು? ತುರಿಮಣೆಯ ಮೇಲೆ ಕೈ ನಿಂತುಬಿಟ್ಟಿತು. ಕಣ್ಣು ಒಂದೊಂದೇ ಬಾಗಿಲ ಮೇಲೆ ಹಾಯಿತು. ಜೊಖಾ ಹೊಸ್ತಿಲಲ್ಲಿ ನಿಂತಿದ್ದಳು, ಬರಿಗೈ. ಅದರಾಚೆ ಸೊಸೆಯಂದಿರು, ಮುದುಕರು ಬಾಗಿಲುಗಳಿಗೆ ಬಂದು ನೋಡುತ್ತಿದ್ದರು, ಹೊರಗೆ ಕಾಲಿಡಲಿಲ್ಲ.

ಆಗ ಫಾಕಿಯ ಬಾಗಿಲು ತೆರೆಯಿತು. ಫಾಕಿ ಹೊರಗೆ ಬಂದ, ಕೈಯಲ್ಲಿ ದೊಡ್ಡ ಬಕೆಟ್ಟು.

"ಹೋಯ್ತು," ಎಂದಳು ಜೊಖಾ, ಕಿದಾವಾಳಿಗೆ ಕೇಳುವಂತೆ. "ಬಿಟ್ಟಿ ಸಿಗೋದನ್ನ ಅವನು ಯಾವತ್ತು ಬಿಟ್ಟಿದ್ದಾನೆ?"

ಅವನು ಲಾರಿಯ ಕಡೆಗೆ ನಡೆಯುತ್ತಿದ್ದ, ನಿಧಾನವಾಗಿ, ಒಂದು ಬದಿಗೆ ವಾಲಿಕೊಂಡು. ಹೆಜ್ಜೆಹೆಜ್ಜೆಗೂ ಬಕೆಟ್ಟಿನಿಂದ ನೀರು ತುಳುಕಿ ಅವನ ಬಿಳಿ ಕಂಜು ನಿಲುವಂಗಿಯನ್ನು, ಚಪ್ಪಲಿಯನ್ನು ತೋಯಿಸುತ್ತಿತ್ತು. ಬಕೆಟ್ಟು ಕಂಠಪೂರ್ತಿ ತುಂಬಿತ್ತು.

ಫಾಕಿ ಅದನ್ನು ಲಾರಿಯ ಮೆಟ್ಟಿಲ ಮೇಲೆ ಎತ್ತಿಟ್ಟು, ಜೇಬಿನಿಂದ ಲೋಟ ತೆಗೆದ. "ಇಳೀರಪ್ಪಾ," ಎಂದ ಡ್ರೈವರಿಗೆ. "ಬೆಳಗಿಂದ ಊರಿಗೆಲ್ಲ ನೀರು ಹಂಚಿದೀರ, ನಿಮ್ಮ ತುಟಿ ನೋಡಿದ್ರೆ ಒಣಗಿ ಬಿರಿದಿದೆ. ಕುಡೀರಿ. ನಮ್ಮ ಓಣಿ ನೀರು, ಸಿಹಿ ನೀರು. ನಿಮ್ಮ ಟ್ಯಾಂಕಿನದನ್ನ ಮುಂದಿನ ಓಣಿಗೆ ಕೊಡಿ, ಅಲ್ಲಿ ಎಳೆಮಕ್ಕಳಿದ್ದಾರೆ."

ಡ್ರೈವರು ಒಂದೇ ಉಸಿರಿಗೆ ಕುಡಿದ. ಮತ್ತೊಂದು ಲೋಟ ಕೇಳಿದ. ಕಿದಾವಾ ತೆಂಗಿನಕಾಯಿಯನ್ನು ಕೆಳಗಿಟ್ಟು, ಹೊದ್ದಿದ್ದ ಕಾಂಗಾ ಬಟ್ಟೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಅಕ್ಕ ಸತ್ತ ದಿನದಿಂದ ಅವಳು ಅತ್ತಿರಲಿಲ್ಲ.

ಫಾಕಿ ಅಲ್ಲಿಂದಲೇ ಕೂಗಿದ, ಆರು ತಿಂಗಳ ಮೌನ ಮುರಿದು: "ಏ ಕಿದಾವಾ! ಇನ್ನೂ ಇಬ್ಬರು ಕೂಲಿಯವರಿದ್ದಾರೆ ಲಾರಿ ಮೇಲೆ. ಅತ್ತಿದ್ದು ಸಾಕು, ಎದ್ದು ಇನ್ನೊಂದು ಬಕೆಟ್ಟು ಸೇದ್ಕೊಂಡು ಬಾ."

ಕಿದಾವಾ ಮೂಗೊರೆಸಿಕೊಂಡು ಎದ್ದಳು. ಬಕೆಟ್ಟು ತೆಗೆದುಕೊಂಡು ಅವನ ಅಂಗಳಕ್ಕೆ ಹೋದಳು.